ಸಿಮೆಂಟ್ ನೆಲದಲ್ಲಿ ಒಂದು ಕುಣಿ

ಧಪ್. ಸ್ವಲ್ಪ ತಡೆದು ಮತ್ತೆ ಧಪ್. ನೆಲದೊಳಗಿಂದ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಅನ್ನಿಸುವ ಹಾಗೆ. ತಿಕೋಂಡಿಯಲ್ಲಿ ಜೀಪಿನಿಂದ ಇಳಿದು ಸೀರೆಯ ಧೂಳು ಕೊಡವಿಕೊಳ್ಳುತ್ತಿದ್ದಾಗ ನನ್ನ ಕಿವಿಗೆ ಬಿದ್ದ ಮೊದಲ ಸದ್ದು ಅದು. ಸದ್ದು ಬಂದ ಮನೆಯೊಳಗೆ ಬಗ್ಗಿ ನೋಡಿದರೆ ನೆಲದ ಮಟ್ಟದಲ್ಲಿ ಒಂದು ರುಮಾಲು, ರುಮಾಲಿನ ಕೆಳಗೆ ಮೀಸೆ, ಮೀಸೆಯ ಕೆಳಗೆ ಎದೆಯುದ್ದ ಮನುಷ್ಯ. ಉಳಿದ ಅರ್ಧ ಮನುಷ್ಯ ಭೂಮಿಯೊಳಗಿದ್ದ. ಕಂಬಳಿ ನೇಯುವ ಬೀರಪ್ಪ ತನ್ನ ಮಗ್ಗದ ಕುಣಿಯಲ್ಲಿ ಕೂತು, ಕತ್ತಿಯಂಥ ಮರದ ಹಲಗೆಯಿಂದ ಎಳೆಗಳನ್ನು ಬಡಿದು ಕೂಡಿಸುತ್ತಿದ್ದ.

ನನ್ನ ಜೊತೆ ಇದ್ದವರು ನಮ್ಮ ವಿಕಾಸ ಕಚೇರಿಯ ಅಧಿಕಾರಿ ಲಿಮಯೆ ಸಾಹೇಬರು. ಪುಣೆಯವರು. ಅವರಿಗೆ ಕನ್ನಡ ಬಾರದು, ತಿಕೋಂಡಿಯ ಮಂದಿಗೆ ಸಾಹೇಬರ ಶುದ್ಧ ಮರಾಠಿ ಪಚನವಾಗದು. ನಡುವೆ ನಾನು. ಸಾಹೇಬರ ಮಾತನ್ನೆಲ್ಲ ಇಲ್ಲಿ ಕನ್ನಡ ಮಾಡಿಯೇ ಬರೆಯುತ್ತೇನೆ. ಆಗಲೂ ಮಾಡುತ್ತಿದ್ದ ಕೆಲಸ ಅದೇ.

“ಈ ಮನುಷ್ಯ ಹಳ್ಳದಲ್ಲಿ ಯಾಕೆ ಕೂತಿದ್ದಾನೆ, ಕೇಳಿ” ಎಂದರು ಸಾಹೇಬರು.

ಕೇಳಿದೆ. ಬೀರಪ್ಪ ಹಲಗೆ ಕೆಳಗಿಟ್ಟು ನನ್ನನ್ನೂ ಸಾಹೇಬರ ಬೂಟುಗಳನ್ನೂ ನೋಡಿದ. ಅವನ ಕಣ್ಣಿಗೆ ನೇರವಾಗಿ ಕಾಣುತ್ತಿದ್ದದ್ದು ಬೂಟುಗಳೇ.

“ಕುಣ್ಯಾಗ ಕುಂದರಲಿಲ್ಲಂದ್ರ ಕಾಲು ಎಲ್ಲಿಡ್ಲಿರಿ, ಬಾಯಾರ? ಸಾಹೇಬ್ರ ತೊಡಿ ಮ್ಯಾಲ ಇಡ್ಲೇನ್ರಿ?”

ಮೂಲೆಯಲ್ಲಿ ರಾಟಿ ತಿರುಗಿಸುತ್ತಿದ್ದ ಅವನ ಹೆಂಡತಿ ಮಾಯವ್ವ ಸೆರಗು ಬಾಯಿಗಿಟ್ಟುಕೊಂಡಳು. “ಕಾಲಿಗೆ ಅನುಕೂಲವಂತೆ, ಸರ್” ಎಂದು ನಾನು ಅನುವಾದಿಸಿದೆ.

ನನ್ನ ತಮ್ಮನ ಮೊಮ್ಮಗಳು ಈಚೆಗೆ ಸರಕಾರದ ಕೈಗಾರಿಕಾ ಇಲಾಖೆಗೆ ಸೇರಿದ್ದಾಳೆ. ಹೋದ ದೀಪಾವಳಿಗೆ ಬಂದವಳು, “ಅಜ್ಜಿ, ನಿಮ್ಮ ಕಾಲದಾಗ ಎಕನಾಮಿಕ್ ಗ್ರೋತ್ ಹೆಂಗ ಮಾಡ್ತಿದ್ರಿ?” ಎಂದು ಕೇಳಿದಳು, ಶೇಂಗಾ ಹೋಳಿಗೆ ಹೆಂಗ ಮಾಡ್ತಿದ್ರಿ ಅಂದ ಹಾಗೆ. ಅವಳಿಗೂ ಅವಳಂಥ ಹೊಸಬರಿಗೂ ಇದನ್ನು ಬರೆಯುತ್ತಿದ್ದೇನೆ. ನನ್ನ ಪ್ರಮೋಷನ್ನುಗಳ ಕಥೆ ಇದರಲ್ಲಿಲ್ಲ. ಅವು ಬಂದವು, ಕುರ್ಚಿಗೆ ದಿಂಬು ಬಂತು, ಅಷ್ಟೆ. ನೆನಪಿನಲ್ಲಿ ಉಳಿದಿರುವುದು ಆ ಧಪ್ ಎಂಬ ಸದ್ದು.

ನಮ್ಮದು ಜತ್ತದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟ ಮನೆತನ. ಅಪ್ಪನಿಗೆ ಏನು ಹುಚ್ಚೋ, ಮಗಳನ್ನು ಬೆಳಗಾವಿಯ ಕಾನ್ವೆಂಟಿಗೆ ಹಾಕಿದ. ಸಿಸ್ಟರ್ಸ್ ನನಗೆ ಕಲಿಸಿದ್ದು ಮೂರು: ಬೆನ್ನು ನೆಟ್ಟಗೆ ಇಟ್ಟು ಕೂಡುವುದು, ಕೀಲಿಗಳನ್ನು ನೋಡದೆ ಟೈಪ್ ಮಾಡುವುದು, ಬೇಜಾರಾದಾಗಲೂ ‘ಹೌ ನೈಸ್’ ಎನ್ನುವುದು. ಸರಕಾರಿ ನೌಕರಿಗೆ ಇಷ್ಟು ಸಾಕು. ನಾನು ಊರಿಗೆ ಬರುವಷ್ಟರಲ್ಲಿ ಜತ್ತ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಗಿತ್ತು. ಮುಂಬಯಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ತಿಳಿಸಬೇಕಾಗಿತ್ತು. ತಾಲೂಕಿನಲ್ಲಿ ಇಂಗ್ಲಿಷ್ ಟೈಪ್‌ರೈಟರ್ ಒಂದಿತ್ತು, ಅದನ್ನು ಬಡಿಯಬಲ್ಲವಳು ನಾನಿದ್ದೆ. ಹಾಗೆ ವಿಕಾಸ ಕಚೇರಿ ಸೇರಿದೆ.

ಅಲ್ಲಿ ಹೆಡ್ ಕ್ಲರ್ಕ್ ಮುಲ್ಲಾ ಚಾಚಾ. ದರಬಾರಿನ ಕಾಲದಿಂದ ಉಳಿದುಬಂದವರು. ದರಬಾರಿನಲ್ಲಿ ಅರ್ಜಿ ತಂದವನು ಬೇವಿನ ಮರದ ಕೆಳಗೆ ನಿಂತು ಬಾಯಿಯಿಂದ ಹೇಳುತ್ತಿದ್ದ, ಕಾರಭಾರಿ ಹೂಂ ಅಥವಾ ಊಹೂಂ ಅನ್ನುತ್ತಿದ್ದರು, ಸಂಜೆಗೆ ಮುಗಿಯುತ್ತಿತ್ತು. ಈಗ ಹೂಂ ಅನ್ನಲಿಕ್ಕೆ ಮೂರು ಪ್ರತಿ ಬೇಕು. “ಮೊದ್ಲು ಅನ್ಯಾಯ ಲಗೂನ ಆಗ್ತಿತ್ತು, ಬೇಟಿ” ಎನ್ನುತ್ತಿದ್ದರು ಚಾಚಾ, ಕಾರ್ಬನ್ ಪೇಪರನ್ನು ಹಗುರಾಗಿ ಎತ್ತಿ ಬೆಳಕಿಗೆ ಹಿಡಿಯುತ್ತ. “ಈಗ ನ್ಯಾಯ ಬರಾಕತ್ತೈತಿ. ದಾರ್‍ಯಾಗ ಐತಿ.”

ನಾನು ಸೇರಿದ ಹೊಸತರಲ್ಲಿ ಮುಂಬಯಿಯಿಂದ ಒಂದು ಸರ್ಕ್ಯುಲರ್ ಬಂತು. ತಾಲೂಕಿನ ಇಂಡಸ್ಟ್ರಿ ಏನು, ಟೂರಿಸಂ ಏನು, ತಿಳಿಸಿರಿ. ಇಂಡಸ್ಟ್ರಿಗೆ ಚಾಚಾ ಎಣ್ಣೆಯ ಗಾಣ, ಹಿಟ್ಟಿನ ಗಿರಣಿ, ಕಂಬಳಿ ಎಂದು ಬರೆಸಿದರು. ಟೂರಿಸಂ ಮುಂದೆ ‘ನಿಲ್’ ಎಂದು ನಾನು ಹೊಡೆದೆ. ಕಾಗದ ಹಿಂದಕ್ಕೆ ಬಂತು. ‘ನಿಲ್’ ಸ್ವೀಕಾರಾರ್ಹವಲ್ಲ, ಪ್ರತಿ ತಾಲೂಕಿನಲ್ಲೂ ನೋಡತಕ್ಕದ್ದು ಏನಾದರೂ ಇದ್ದೇ ಇರಬೇಕು ಎಂಬುದು ಸರಕಾರದ ಧೋರಣೆ.

“ಈ ಊರಾಗ ನೋಡ್ಲಾಕ ಏನೈತಿ?” ಎಂದು ಸಾಹೇಬರ ಪರವಾಗಿ ನಾನು ಚಾಚಾರನ್ನು ಕೇಳಿದೆ.

“ದಾರಿ ನೋಡ್ಬಹುದು. ಮಳಿ ದಾರಿ, ಬಸ್ಸಿನ ದಾರಿ.”

ಕೊನೆಗೆ ಕಾನ್ವೆಂಟಿನ ಇಂಗ್ಲಿಷ್ ಕೈಹಿಡಿಯಿತು. ‘ಡ್ರೈ ಅಂಡ್ ಬ್ರೇಸಿಂಗ್ ಕ್ಲೈಮೇಟ್, ವೈಡ್ ಅಂಡ್ ಅನ್‌ಇಂಟರಪ್ಟೆಡ್ ವ್ಯೂಸ್’ ಎಂದು ಟೈಪ್ ಮಾಡಿದೆ. ಅಂದರೆ, ಗಾಳಿ ಬಿಸಿ, ಅಡ್ಡಕ್ಕೆ ಒಂದು ಮರವಿಲ್ಲ. ಮುಂಬಯಿಗೆ ಭಾಳ ಸೇರಿತು.

ಈಗ ಕಂಬಳಿಯ ವಿಷಯ. ಸಾಹೇಬರು ಕೆಟ್ಟವರಲ್ಲ. ದೇಶ ಹೊಸದು, ಅವರ ಟೋಪಿ ಹೊಸದು, ಬೀರಪ್ಪನಂಥವರಿಗೆ ಒಳ್ಳೆಯದನ್ನು ಮಾಡಬೇಕೆಂಬ ಆಸೆ ನಿಜವಾದದ್ದು. ಆದರೆ ಅವರ ಪಾಲಿಗೆ ನೆಲದೊಳಗೆ ಕೂತವನು ಕೆಳಗೆ ಬಿದ್ದವನು, ಅವನನ್ನು ಮೇಲಕ್ಕೆತ್ತಬೇಕು. ತಿಕೋಂಡಿಗೆ ಉಣ್ಣೆ ಕೈಗಾರಿಕೆಯ ಸೆಂಟರ್ ಮಂಜೂರಾಯಿತು. ಪಕ್ಕಾ ಗೋಡೆ, ದೊಡ್ಡ ಕಿಟಕಿ, ಹಂಚಿನ ಮಾಳಿಗೆ. ಸೇರುವವರಿಗೆ ಉಣ್ಣೆ ಸರಕಾರದ್ದು, ತಿಂಗಳ ಸಂಬಳ ಸರಕಾರದ್ದು. ಷರತ್ತು ಎರಡೇ. ಮಗ್ಗವನ್ನು ಸೆಂಟರಿಗೆ ಒಪ್ಪಿಸಬೇಕು. ಮನೆಯ ಕುಣಿ ಮುಚ್ಚಬೇಕು. ಆಗ ಮಲೇರಿಯಾದವರು ಊರೂರು ತಿರುಗಿ ತೆಗ್ಗು ಕಂಡಲ್ಲೆಲ್ಲ ಮುಚ್ಚಿಸುತ್ತಿದ್ದರು, ಅವರ ಪಟ್ಟಿಗೆ ಮಗ್ಗದ ಕುಣಿಯೂ ಸೇರಿತ್ತು.

ಇದನ್ನು ಹೇಳಲು ನಾನೇ ಸಾಹೇಬರ ಜೊತೆ ಮತ್ತೆ ಹೋದೆ. ಬೀರಪ್ಪನಿಗೆ ಕಿಟಕಿಯ ಆಸೆ. ಅವನ ಕಣ್ಣು ಮಬ್ಬಾಗುತ್ತಿತ್ತು, ಕರಿ ಉಣ್ಣೆಯ ಎಳೆ ಕತ್ತಲ ಮನೆಯಲ್ಲಿ ಕಾಣುತ್ತಿರಲಿಲ್ಲ.

“ಬೆಳಕು ಬರ್ತದಂದ್ರ ಚಲೋನ ಆತು” ಎಂದ.

ಮಾಯವ್ವನಿಗೆ ಒಪ್ಪಿಗೆಯಾಗಲಿಲ್ಲ. “ಬಾಯಾರ, ಕುಣಿ ಮುಚ್ಚೂದು ಮಂದಿ ಸತ್ತ ಮ್ಯಾಲ. ಇವ್ರಿನ್ನೂ ಉಣ್ಣಾಕತ್ಯಾರ.”

“ಸುಮ್ನಿರು” ಎಂದ ಬೀರಪ್ಪ. “ಸರಕಾರ ಅಷ್ಟು ದೊಡ್ಡ ಮನಿ ಕಟ್ಟತೈತಿ. ನನ್ನ ಕಾಲಿಗೆ ಇಷ್ಟು ಜಾಗಾ ಬಿಡೂದಿಲ್ಲೇನು?”

ಕುಣಿಗೆ ಬೂದಿ, ಮಣ್ಣು ತುಂಬಿ, ಮೇಲೆ ಸಗಣಿ ಸಾರಿಸಿದರು. ಸಾಹೇಬರು ಆ ಸಾರಿಸಿದ ನೆಲದ ಮೇಲೆ ಬೀರಪ್ಪನನ್ನು ನಿಲ್ಲಿಸಿ ಫೋಟೋ ತೆಗೆದರು. ಮಗ್ಗದ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆಸಿದರು. ಇನ್ನು ಅದು ಸರಕಾರದ ಆಸ್ತಿ, ಶೆಡ್ಡಿನಿಂದ ಹೊರಗೆ ಒಯ್ಯುವ ಹಾಗಿಲ್ಲ.

ಸೆಂಟರ್ ತೆರೆದ ದಿನ ನನಗಿನ್ನೂ ಚೆನ್ನಾಗಿ ನೆನಪಿದೆ. ಮಾವಿನ ತೋರಣ, ಪೇಢೆ. ನೆಲವನ್ನು ಮುಖ ಕಾಣುವ ಹಾಗೆ ಸಿಮೆಂಟಿನಿಂದ ತಿಕ್ಕಿ ನುಣುಪು ಮಾಡಿದ್ದರು. ಬೀರಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದ. ಕಿಟಕಿಗಳನ್ನು ನೋಡಿ ತಲೆಯಾಡಿಸಿದ. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ:

“ಕುಣಿ ಎಲ್ಲೈತ್ರಿ, ಬಾಯಾರ?”

ಸಾಹೇಬರಿಗೆ ಹೇಳಿದೆ. ಅವರು ನಕ್ಷೆ ತರಿಸಿದರು. ನಕ್ಷೆ ಮುಂಬಯಿಯಲ್ಲಿ ಬರೆದದ್ದು. ಬುಟ್ಟಿ ಹೆಣೆಯಲಿ, ಬೆಲ್ಲ ಕಾಸಲಿ, ಕಂಬಳಿ ನೇಯಲಿ, ಎಲ್ಲ ಸೆಂಟರಿಗೂ ಅದೇ ಟೈಪ್ ಡಿಸೈನ್. ಕುಣಿ ಅದರಲ್ಲಿರಲಿಲ್ಲ. ಒಂದು ಗುದ್ದಲಿ ತಂದು ಅಗೆದರೆ ಮುಗಿಯಿತಲ್ಲ ಎಂದು ನನಗೆ ಅನ್ನಿಸಿತು. ಅದು ನೌಕರಿಗೆ ಹೊಸಬಳ ಯೋಚನೆ. ಕಟ್ಟಡ ಕಟ್ಟಿದ ಇಲಾಖೆಯವರು, ಸರಕಾರಿ ನೆಲ ಒಡೆಯುವುದು ಗುನ್ಹೆ ಎಂದರು. ಕೈಗಾರಿಕೆಯವರು, ಕಟ್ಟಡ ನಮಗಿನ್ನೂ ಹಸ್ತಾಂತರವಾಗಿಲ್ಲ ಎಂದರು. ಮಲೇರಿಯಾದವರು, ಕುಣಿ ಎಂಬ ಶಬ್ದ ಕೇಳಿದೊಡನೆ ಡಿಡಿಟಿ ಪಂಪು ತಗೊಂಡು ಬಂದರು.

ಕೊನೆಗೆ ಕುಣಿ ತೋಡಲು ಮಂಜೂರಾತಿ ಕೇಳಿ ಮುಂಬಯಿಗೆ ಬರೆದೆವು. ಆ ಕಾಗದ ಹೋಗಿ ಬರುವವರೆಗೆ ಸಾಹೇಬರು ಸುಮ್ಮನೆ ಕೂಡುವವರಲ್ಲ. ಕುಣಿಯಿಲ್ಲದಿದ್ದರೆ ಮಗ್ಗವನ್ನೇ ಮೇಲಕ್ಕೆತ್ತೋಣ ಎಂದರು. ಇಟ್ಟಿಗೆ ಒಟ್ಟಿ ಅದರ ಮೇಲೆ ಮಗ್ಗ ಇರಿಸಿ, ಬೀರಪ್ಪನಿಗೆ ನಮ್ಮ ಕಚೇರಿಯಿಂದ ಒಂದು ಕುರ್ಚಿ ಕಳಿಸಿದರು. ಬೆತ್ತದ ಸೀಟು, ಎರಡು ಕೈ. ಬೀರಪ್ಪ ಅದರಲ್ಲಿ ಫೌಜದಾರನ ಹಾಗೆ ಕೂತ. ಕಾಲಿನಿಂದ ತುಳಿಯುವ ಹಲಗೆಗಳು ಇಟ್ಟಿಗೆಗಳ ನಡುವೆ ಸಿಕ್ಕಿಕೊಂಡವು. ಅದಕ್ಕಿಂತ ಕಷ್ಟ ಎಳೆಗಳದ್ದು. ಹುಣಸೆಬೀಜದ ಗಂಜಿ ಕುಡಿದ ಉಣ್ಣೆ ನೆಲದ ತಂಪಿಗೆ ಮೆತ್ತಗಿರುತ್ತದೆ. ಎತ್ತರದಲ್ಲಿ ದೊಡ್ಡ ಕಿಟಕಿಯ ಬಿಸಿ ಗಾಳಿಗೆ ಪಟಪಟ ಹರಿಯಿತು. ನಾನು ಟೈಪ್ ಮಾಡಿದ ಬ್ರೇಸಿಂಗ್ ಕ್ಲೈಮೇಟ್ ಅದೇ.

“ಏನಂತಾನ ನಿಮ್ಮ ಬೀರಪ್ಪ?” ಎಂದು ಚಾಚಾ ಕೇಳಿದರು, ನಾನು ಮರಳಿ ಬಂದಾಗ.

“ಕುರ್ಚಿ ಮ್ಯಾಲ ಕುಂತು ಕೆಲಸ ಆಗೂದಿಲ್ಲ ಅಂತಾನ್ರಿ.”

“ಶಾಣ್ಯಾ ಅದಾನ. ನಾ ಇಷ್ಟ್ ವರ್ಷದಿಂದ ಕುಂತೀನಿ, ನನ್ನ ಕೈಲಿಂದ ಆಗಿಲ್ಲ.”

ಆಗ ನಗುತ್ತಿದ್ದೆವು. ಆದರೆ ಉಣ್ಣೆ ಕತ್ತರಿಸುವ ಹಂಗಾಮು ಬಂತು, ಹೋಯಿತು. ಸುತ್ತಲಿನ ಬೆಳುಂಕಿ, ಬಿಳೂರಿನ ಕುರಿಯವರು ಬೀರಪ್ಪನ ಕಂಬಳಿಯನ್ನೇ ಕೇಳಿಕೊಂಡು ಬರುವವರು. ಅವನ ಕಂಬಳಿಗೊಂದು ಗುರುತಿತ್ತು. ಕರಿ ಕಂಬಳಿಯ ಒಂದು ಮೂಲೆಯಲ್ಲಿ, ಅಂಚಿನಿಂದ ಬೆರಳಗಲ ಒಳಗೆ, ಒಂದೇ ಒಂದು ಬಿಳಿ ಎಳೆ ಹಾಯಿಸುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಹಟ್ಟಿಯಲ್ಲಿ ಹತ್ತಾರು ಜನ ಮಲಗಿದಲ್ಲಿ ಕಂಬಳಿ ಕಲೆತರೆ ಮೂಲೆ ತಡವಿ ಹುಡುಕಿಕೊಳ್ಳಬಹುದು. ಬಿಳಿ ಉಣ್ಣೆ ಸ್ವಲ್ಪ ದಪ್ಪ, ಕೈಗೇ ಗೊತ್ತಾಗುತ್ತದೆ. ಆ ವರ್ಷ ಕುರಿಯವರು ವಿಜಾಪುರದ ಸಂತೆಗೆ ಹೋದರು. ಮರು ವರ್ಷವೂ ಅಲ್ಲಿಗೇ. ಅಷ್ಟರಲ್ಲಿ ರಾಜ್ಯಗಳ ಗಡಿ ಬದಲಾಗಿ ವಿಜಾಪುರ ಮೈಸೂರಿಗೆ ಸೇರಿತ್ತು. ಗಿರಾಕಿ ಬೇರೆ ರಾಜ್ಯಕ್ಕೆ ಹೋದ, ನೇಕಾರ ಈ ರಾಜ್ಯದ ಕುರ್ಚಿಯಲ್ಲಿ ಉಳಿದ. ಸೆಂಟರಿನಲ್ಲಿ ಉತ್ಪಾದನೆ ಇಲ್ಲವೆಂದು ತಿಂಗಳ ಸಂಬಳವೂ ನಿಂತಿತು.

“ಮನ್ಯಾಗ ಮತ್ತ ಕುಣಿ ತೋಡ್ಕೊಳ್ರಿ” ಎಂದು ನಾನೊಮ್ಮೆ ಮೆಲ್ಲಗೆ ಹೇಳಿದೆ.

“ತೋಡಬಹುದ್ರಿ. ಅದರಾಗ ಏನ್ ಹಾಕೂದು? ಮಗ್ಗ ನಿಮ್ಮಲ್ಲೈತಿ” ಎಂದ ಬೀರಪ್ಪ. ಸಿಟ್ಟಿನಿಂದಲ್ಲ. ನಿಮ್ಮಲ್ಲಿ ಎಂದನಲ್ಲ, ಅದು ಮಾತ್ರ ನನಗೆ ಚುಚ್ಚಿತು. ಅಲ್ಲಿಯವರೆಗೆ ನಾನು ನಡುವಿನವಳು ಎಂದುಕೊಂಡಿದ್ದೆ.

ಅವನು ಸೋಲಾಪುರಕ್ಕೆ ಹೋದ, ಚಾದರ ಮಾಡುವ ಗಿರಣಿಗೆ. ಮಾಯವ್ವ ಊರಲ್ಲೇ ಉಳಿದಳು.

ಖಾಲಿ ಶೆಡ್ಡಿಗೆ ಅದೃಷ್ಟ ತೆರೆದದ್ದು ಆಮೇಲೆ. ಮುಂಬಯಿಯಿಂದ ಒಬ್ಬ ದೊಡ್ಡ ಅಧಿಕಾರಿ ಗಡಿಭಾಗದ ತಪಾಸಣೆಗೆ ಬಂದವರು, ಜೀಪು ಕೆಟ್ಟು ತಿಕೋಂಡಿಯಲ್ಲಿ ಉಳಿಯಬೇಕಾಯಿತು. ಊರಲ್ಲಿ ಪಕ್ಕಾ ನೆಲ ಇದ್ದದ್ದು ನಮ್ಮ ಸೆಂಟರಿಗೆ ಮಾತ್ರ. ಅಲ್ಲಿ ಮಂಚ ಹಾಕಿಸಿದೆವು. ಬೆಳಿಗ್ಗೆ ಎದ್ದು ಕಿಟಕಿ ತೆರೆದು, ಒಂದು ಮರವೂ ಅಡ್ಡವಿಲ್ಲದ ಬಯಲನ್ನು ನೋಡಿ, “ವಾಟ್ ಎ ವ್ಯೂ” ಎಂದರು. ನನ್ನ ಟೈಪಿಂಗನ್ನು ಸತ್ಯವೆಂದು ಒಪ್ಪಿದ ಮೊದಲ ಮನುಷ್ಯ. ತಿಂಗಳೊಳಗೆ ಬೋರ್ಡು ಬದಲಾಯಿತು: ಟೂರಿಸ್ಟ್ ರೆಸ್ಟ್ ಹೌಸ್. ಎರಡು ಮಂಚ, ಕನ್ನಡಿ, ಹೊದೆಯಲು ಸೋಲಾಪುರದ ಗಿರಣಿ ಚಾದರ. ನಮ್ಮ ವರದಿಯಲ್ಲಿ ಕಟ್ಟಡ ಇಂಡಸ್ಟ್ರಿಯ ಪ್ರಗತಿ, ಮಂಚ ಟೂರಿಸಂನ ಪ್ರಗತಿ. ಚಾದರ ಕೊಂಡದ್ದು ಮತ್ತೆ ಇಂಡಸ್ಟ್ರಿಗೆ ಉತ್ತೇಜನ. ಒಂದೇ ಶೆಡ್ಡು ಇಷ್ಟನ್ನೆಲ್ಲ ಹೊತ್ತುಕೊಂಡಿತ್ತು. ಮೊಮ್ಮಗಳೇ, ಗ್ರೋತ್ ಹೀಗೆ ಮಾಡುತ್ತಿದ್ದೆವು.

ಆದರೆ ಬಂದವರು ನೋಡುವುದೇನು? ಸ್ಥಳೀಯ ಕಸುಬು ತೋರಿಸಿರಿ ಎಂದು ಹುಕುಂ ಬಂತು. ಮಾಯವ್ವನಿಗೆ ರೆಸ್ಟ್ ಹೌಸಿನ ಕಸ ಹೊಡೆಯುವ, ಹಾಸಿಗೆ ಹಾಕುವ ಕೆಲಸ ಕೊಟ್ಟರು. ಜೀಪಿನ ಸದ್ದು ಕೇಳಿದರೆ ಕಸಬರಿಗೆ ಬಿಟ್ಟು ಪಡಸಾಲೆಯಲ್ಲಿ ರಾಟಿ ಹಿಡಿದು ಕೂಡಬೇಕು.

“ನೂತದ್ದನ್ನ ಏನ್ ಮಾಡ್ತೀಯವ್ವಾ?” ಎಂದು ಕೇಳಿದೆ.

“ಏನ್ ಮಾಡೂದ್ರಿ. ನೇಯವ್ರು ಎಲ್ಲದಾರ? ಸಾಹೇಬ್ರು ನೂಲೂದು ನೋಡ್ತಾರ, ‘ಛಾನ್, ಛಾನ್’ ಅಂತಾರ, ಒಳಗ ಹೋಗಿ ಗಿರಣಿ ಚಾದರ ಹೊತ್ಕೊಂಡು ಮಕ್ಕೋತಾರ.”

ಕುಣಿಯ ಮಂಜೂರಾತಿ ಬಂದದ್ದು ಆಗ. ಎಲ್ಲರೂ ಮರೆತಿದ್ದ ಕಾಗದ, ಯಾವ ಯಾವ ಮೇಜಿನ ಮೇಲೆ ಮಲಗಿ ಎದ್ದಿತ್ತೋ. ಫೆಬ್ರುವರಿ ಮುಗಿಯುತ್ತಿತ್ತು. ಮಾರ್ಚ್ ಒಳಗೆ ಅಗೆಯದಿದ್ದರೆ ಮಂಜೂರಾತಿ ರದ್ದು, ರದ್ದಾದರೆ ಮುಂದಿನ ವರ್ಷ ನಮಗೆ ಏನೂ ಸಿಗದು. ಆದ್ದರಿಂದ ಟೂರಿಸ್ಟ್ ರೆಸ್ಟ್ ಹೌಸಿನ ನಡುವೆ, ಎರಡು ಮಂಚಗಳನ್ನು ಆಚೀಚೆ ಸರಿಸಿ, ಸರಕಾರ ಕುಣಿ ಅಗೆಯಿತು.

ಸೋಲಾಪುರದ ಬಸ್ಸಿನವರ ಕೈಲಿ ಹೇಳಿ ಕಳಿಸಿದೆವು. ಬೀರಪ್ಪ ಬಂದ. ಕುಣಿಯಲ್ಲಿ ಇಳಿದು ಕೈಯಿಂದ ಮಣ್ಣು ಮುಟ್ಟಿ ನೋಡಿದ, ಕಾಲು ಚಾಚಿ ಕೂತ. ಮೂಲೆಗೆ ಸರಿಸಿಟ್ಟಿದ್ದ ನಂಬರಿನ ಮಗ್ಗ ಮತ್ತೆ ನೆಲಕ್ಕೆ ಇಳಿಯಿತು. ಮಾಯವ್ವ ನೂತಿಟ್ಟ ನೂಲೆಲ್ಲ ಹೊರಗೆ ಬಂತು. ಅವಳು ಅದನ್ನು ಎಸೆದಿರಲಿಲ್ಲ. ನಾನು ಜೀಪಿನಿಂದ ಇಳಿದಾಗ ಮತ್ತೆ ಅದೇ ಸದ್ದು. ಧಪ್. ತಡೆದು, ಧಪ್. ಸಾಹೇಬರು ಬಾಗಿಲಲ್ಲಿ ನಿಂತು ಟೋಪಿ ತೆಗೆದರು. ಇಷ್ಟು ವರ್ಷಗಳ ಮೇಲೆ ಅವರಿಗೂ ಅರ್ಥವಾಗಿತ್ತು ಅನ್ನಿಸುತ್ತದೆ. ಅಥವಾ ಸೆಕೆ ಇತ್ತು.

“ಗಿರಣಿ ಬಿಟ್ಟ ಬರ್ತೀರೇನು?” ಎಂದು ಬೀರಪ್ಪನನ್ನು ಕೇಳಿದೆ.

“ಇದs ಹೀಂಗ ನಡೀತಂದ್ರ ಬರ್ತೀನ್ರಿ. ಅಲ್ಲಿ ನಿಂತು ನೇಯೂದು, ಬಾಯಾರ. ಕಾಲು ನೆಲಾ ಮುಟ್ಟಿರ್ತಾವ, ಆದ್ರ ನೆಲದಾಗ ಇರೂದಿಲ್ಲ.”

ಒಂದು ಕಂಬಳಿ ಮುಗಿಯಿತು. ಎರಡನೆಯದಕ್ಕೆ ಎಳೆ ಹೂಡುವ ಹೊತ್ತಿಗೆ ಸಾತಾರೆಯ ಕಡೆಯಿಂದ ಒಬ್ಬ ಅಧಿಕಾರಿ ಕುಟುಂಬ ಸಹಿತ ಬಂದು ಇಳಿದರು. ಬೆಳಗಿನ ನಿದ್ದೆಗೆ ಭಂಗ, ಕೋಣೆಯ ನಡುವೆ ಅಪಾಯಕಾರಿ ತೆಗ್ಗು, ಹುಣಸೆಬೀಜದ ವಾಸನೆ ಎಂದು ದೂರು ಬರೆದರು. ರೆಸ್ಟ್ ಹೌಸಿಗೆ ಬಂದವರ ದೂರನ್ನು ವಾರದೊಳಗೆ ನಿವಾರಿಸಬೇಕೆಂಬ ನಿಯಮವಿತ್ತು. ಕುಣಿ ತೋಡಲು ವರ್ಷಗಳು ಹಿಡಿದ ಸರಕಾರ ಮುಚ್ಚುವುದರಲ್ಲಿ ತಡಮಾಡಲಿಲ್ಲ. ಮೇಲೆ ಸಿಮೆಂಟ್ ತಿಕ್ಕಿ ನುಣುಪು ಮಾಡಿದರು. ಹೊಸ ಸಿಮೆಂಟು ಹಳೆಯದಕ್ಕಿಂತ ಕಪ್ಪಾಗಿ, ಚೌಕಾಗಿ ಎದ್ದು ಕಾಣುತ್ತಿತ್ತು. ಆ ಒಂದು ಕಂಬಳಿಯನ್ನು ಸೆಂಟರಿನ ಉತ್ಪಾದನೆಯೆಂದು ಮುಂಬಯಿಯ ಪ್ರದರ್ಶನಕ್ಕೆ ಕಳಿಸಿದೆವು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಗಾಜಿನ ಮೂಲಕ ಮೂಲೆ ತಡವಿ ನೋಡಲು ಬರುವುದಿಲ್ಲ.

ಬೀರಪ್ಪ ಸೋಲಾಪುರಕ್ಕೆ ಮರಳಿದ. “ಅಲ್ಲಿ ಸದ್ದು ಇದರ ನೂರ್ ಪಟ್ಟು ಐತ್ರಿ” ಎಂದ ಬಸ್ಸು ಹತ್ತುವ ಮೊದಲು. “ಯಾರೂ ದೂರು ಬರಿಯೂದಿಲ್ಲ.”

ಚಾಚಾ ನಿವೃತ್ತರಾದರು. ನ್ಯಾಯ ಇನ್ನೂ ದಾರಿಯಲ್ಲಿದ್ದರೆ ನನ್ನ ಹೊಸ ವಿಳಾಸ ಕೊಡು ಎಂದು ಹೇಳಿ ಹೋದರು. ಸಾಹೇಬರಿಗೆ ವರ್ಗವಾಯಿತು. ನನಗೂ ಸಾಂಗಲಿಗೆ ವರ್ಗವಾಯಿತು. ಹೊರಡುವ ಮುಂಚೆ ಹೊಸ ಸಾಹೇಬರಿಗೆ ತಾಲೂಕು ತೋರಿಸಲು ಕೊನೆಯ ಸಲ ತಿಕೋಂಡಿಗೆ ಹೋದೆ.

ಜೀಪಿನ ಸದ್ದಿಗೆ ಮಾಯವ್ವ ಪಡಸಾಲೆಗೆ ಬರಲಿಲ್ಲ. ರಾಟಿ ಗೋಡೆಗೆ ಆನಿಸಿತ್ತು. ಹೊಸ ಸಾಹೇಬರು ವ್ಯೂ ನೋಡಲು ಹಿತ್ತಿಲ ಕಡೆ ಹೋದರು, ನಾನು ಒಳಗೆ ಹೋದೆ. ಬೀರಪ್ಪನ ಗಿರಣಿಯಿಂದ ಹೊಸ ಚಾದರಗಳ ಗಂಟು ಬಂದಿತ್ತು. ಅವಳು ಆ ಕಪ್ಪು ಚೌಕದ ಮೇಲೆ ಕಾಲು ಚಾಚಿ ಕೂತು, ಒಂದೊಂದೇ ಚಾದರ ಬಿಚ್ಚಿ, ನಾಲ್ಕೂ ಮೂಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, ಮಡಚಿ ಪಕ್ಕಕ್ಕೆ ಇಡುತ್ತಿದ್ದಳು.

“ಏನ್ ಹುಡುಕಾಕತ್ತೀಯವ್ವಾ?”

“ದಪ್ಪ ಎಳಿ, ಬಾಯಾರ.” ತಲೆಯೆತ್ತಲಿಲ್ಲ. “ಗಿರಣ್ಯಾಗ ಎಲ್ಲಾ ಒಂದs ನಮೂನಿ ಬರ್ತಾವಂತ. ನಮ್ಮನಿಯವ್ರs ಹೇಳ್ಯಾರ, ಮಷೀನ ಮಾಡತೈತಿ, ನಂದೇನ ನಡಿಯೂದಿಲ್ಲ ಅಂತ. ಗೊತ್ತೈತ್ರಿ ನನಗ.”

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಹೌ ನೈಸ್ ಇಲ್ಲಿ ನಡೆಯುವ ಮಾತಲ್ಲ. ಸಿಸ್ಟರ್ಸ್ ಇದಕ್ಕೇನೂ ಕಲಿಸಿರಲಿಲ್ಲ. “ಬರ್ತೀನವ್ವಾ” ಎಂದೆ.

“ಹೂಂ, ಹೋಗಿ ಬರ್ರಿ” ಎಂದಳು ಮಾಯವ್ವ, ಮತ್ತು ಇನ್ನೊಂದು ಚಾದರ ಬಿಚ್ಚಿದಳು.